ಕಬಡ್ಡಿಯ ಅಂಗಣದಲ್ಲಿ ಯಾವ ಸ್ಥಾನಕ್ಕೆ ಎಷ್ಟು ಮಂದಿ?

ಪ್ರೊ ಕಬಡ್ಡಿ ಪಂದ್ಯಾಟಗಳ ಕಾಲ ಬಂದಿತೆಂದರೆ ಭೋಸರಿಯ ನಮ್ಮವರ ಹೋಟೆಲುಗಳಲ್ಲಿ ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ ಒಂದೇ ಚರ್ಚೆ. ಕಾರ್ಖಾನೆಯ ಕಚೇರಿಗಳಿಂದ ಮರಳಿದ ಗುಮಾಸ್ತರೂ ತಟ್ಟೆ ಎತ್ತುತ್ತಿರುವ ಸಪ್ಲೈಯರರೂ ಟೀವಿಯ ಕಡೆಗೆ ಒಂದು ಕಣ್ಣಿಟ್ಟು ವಾದಕ್ಕಿಳಿಯುತ್ತಾರೆ. ಪವನ್ ದೊಡ್ಡವನೋ, ಪರ್ದೀಪ್ ದೊಡ್ಡವನೋ? ಪುಣೇರಿ ಪಲ್ಟನ್ ಬಲವುಳ್ಳದ್ದೋ, ಬೆಂಗಳೂರು ಬುಲ್ಸ್ ಬಲವುಳ್ಳದ್ದೋ? ವಾದವು ಸಹಜವಾದುದೇ. ಆದರೆ ಅದರಲ್ಲಿ ಒಂದು ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ದೊಡ್ಡವನು ಗಾಯಗೊಂಡು ಬೆಂಚಿನ ಮೇಲೆ ಕುಳಿತ ದಿನ ಅವನ ಸ್ಥಾನದಲ್ಲಿ ನಿಲ್ಲುವವನು ಯಾರು? ಅವನ ಹಿಂದೆ ಮೂರನೆಯವನೊಬ್ಬನು ಇರುವನೇ?

ಹೋಟೆಲಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ದೋಸೆಯ ಕಾವಲಿಯ ಮುಂದೆ ನಿಲ್ಲುವ ಭಟ್ಟರು ಊರಿಗೆ ಹೋದ ವಾರದಲ್ಲಿ ಹೋಟೆಲಿನ ನಿಜವಾದ ಯೋಗ್ಯತೆ ತಿಳಿಯುತ್ತದೆ. ಟೇಬಲು ಒರಸಲು ಹತ್ತು ಜನ ಸಿಕ್ಕಾರು; ಸಾಂಬಾರಿನ ಹದ ಬಲ್ಲ ಎರಡನೆಯವನು ಸಿಕ್ಕುವುದು ಕಷ್ಟ. ಆದುದರಿಂದ ಒಂದು ಹೋಟೆಲಿನಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸಿದರೆ ಸಾಲದು. ಒಂದೊಂದು ಕೆಲಸಕ್ಕೆ ಎಷ್ಟು ಮಂದಿ ಇದ್ದಾರೆಂದು ಎಣಿಸಬೇಕು. ಕಬಡ್ಡಿಯನ್ನೂ ಇದೇ ಲೆಕ್ಕದಿಂದ ನೋಡುವುದು ಈ ಲೇಖನದ ಉದ್ದೇಶ. ಇದರಲ್ಲಿ ಬರಿಯ ವಿನೋದವಿಲ್ಲ. ಭೋಸರಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಹುಡುಗರಲ್ಲಿ ಕೆಲವರು ಆಟವನ್ನೇ ಜೀವನವೆಂದು ನಂಬುವ ವಯಸ್ಸಿನಲ್ಲಿರುವರು. ಯಾವ ಸ್ಥಾನದಲ್ಲಿ ಬಾಗಿಲು ತೆರೆದಿದೆ, ಯಾವುದರಲ್ಲಿ ನೂಕುನುಗ್ಗಲಿದೆ ಎಂಬುದನ್ನು ಅವರು ಅರಿತಿರಬೇಕು.

ಏಳು ಜನ, ನಾಲ್ಕು ಕೆಲಸ

ಮಹಾರಾಷ್ಟ್ರದ ಹಿರಿಯರು ಹುತುತು ಎಂದು ಕರೆಯುತ್ತಿದ್ದ ಈ ಆಟವು 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟವನ್ನು ಸೇರಿತು. 2014ರ ಜುಲೈ ತಿಂಗಳಲ್ಲಿ ಪ್ರೊ ಕಬಡ್ಡಿಯೆಂಬ ಹೆಸರಿನಿಂದ ವೃತ್ತಿಪರ ಆಟವಾಯಿತು. ಪುರುಷರ ಅಂಗಣವು 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದೊಂದು ಕಡೆ ಏಳು ಮಂದಿ. ದಾಳಿಗಾರನಿಗೆ, ಅಂದರೆ ರೈಡರನಿಗೆ, ಒಂದು ದಾಳಿಗೆ ಸಿಕ್ಕುವ ಕಾಲ ಕೇವಲ 30 ಸೆಕೆಂಡು. ಹಿಡಿಯುವವರಲ್ಲಿ ಎಡ ಬಲದ ಎರಡು ತುದಿಗಳಲ್ಲಿ ನಿಲ್ಲುವವರು ಕಾರ್ನರ್; ಅವರಿಗಿಂತ ಒಳಗೆ ನಿಂತು ದಾರಿ ಮುಚ್ಚುವವರು ಕವರ್. ಉಳಿದ ಮೂರು ಸ್ಥಾನಗಳಲ್ಲಿ ಸಾಮಾನ್ಯವಾಗಿ ದಾಳಿಗಾರರೇ ನಿಂತು, ಎದುರಾಳಿ ಬಂದಾಗ ಸರಪಳಿಗೆ ಕೈ ಕೊಡುತ್ತಾರೆ. ದಾಳಿಯನ್ನೂ ಹಿಡಿತವನ್ನೂ ಸಮನಾಗಿ ಬಲ್ಲವನು ಆಲ್‌ರೌಂಡರ್. ಹೀಗೆ ಆಳುಗಳು ಏಳಾದರೂ ಕೆಲಸಗಳು ನಾಲ್ಕು.

ದಾಳಿಗಾರರು: ನೀರು ತುಂಬಿದ ಬಾವಿ

ಮೊದಲು ದಾಳಿಗಾರರನ್ನು ನೋಡೋಣ. ಒಂದೊಂದು ಸರಣಿಯಲ್ಲಿ ಅತಿ ಹೆಚ್ಚು ದಾಳಿಯ ಅಂಕ ಗಳಿಸಿದವರ ಹೆಸರುಗಳನ್ನು ಸಾಲಾಗಿ ಬರೆದರೆ ಸಾಕು. 2014ರಲ್ಲಿ ಅನೂಪ್ ಕುಮಾರ್, ಮುಂದಿನ ವರ್ಷ ಸಾಂಗಲಿ ಕಡೆಯ ಕಾಶಿಲಿಂಗ ಅಡಕೆ. ಬಳಿಕ ಪರ್ದೀಪ್ ನರ್ವಾಲ್ ಮತ್ತು ರಾಹುಲ್ ಚೌಧರಿ. 2018ರಿಂದ ಮೂರು ಸರಣಿ ಪವನ್ ಸೆಹ್ರಾವತ್ ಒಬ್ಬನೇ. 2022ರಲ್ಲಿ ಅರ್ಜುನ್ ದೇಶ್ವಾಲ್, 2023-24ರಲ್ಲಿ ಆಶು ಮಲಿಕ್, 2024ರಲ್ಲಿ ದೇವಾಂಕ್ ದಲಾಲ್. ಪವನನ ಕಾಲ ಮುಗಿದ ಬಳಿಕ ಮೂರು ಸರಣಿಗಳಲ್ಲಿ ಮೂರು ಹೊಸ ಹೆಸರುಗಳು ಮೇಲಕ್ಕೆ ಬಂದುವು.

ಇವರಲ್ಲಿ ದೇವಾಂಕನ ವೃತ್ತಾಂತವನ್ನು ವಿಶೇಷವಾಗಿ ಗಮನಿಸಬೇಕು. ಅದಕ್ಕೆ ಮೊದಲು ಹೆಚ್ಚು ಆಡಲು ಅವಕಾಶ ಸಿಕ್ಕದಿದ್ದ ಈ ತರುಣನು 2024ರಲ್ಲಿ ಪಾಟ್ನಾ ಪೈರೇಟ್ಸ್ ತಂಡದಲ್ಲಿ 301 ದಾಳಿಯ ಅಂಕಗಳನ್ನು ಗಳಿಸಿದನು. 2025ರ ಹರಾಜಿನಲ್ಲಿ ಅವನ ಬೆಲೆ 2 ಕೋಟಿ 20 ಲಕ್ಷ ರೂಪಾಯಿಗಳನ್ನು ದಾಟಿತು. ಇದಕ್ಕೂ ಹಿಂದೆ, 2018ರಲ್ಲಿ, 18 ವರ್ಷದ ನವೀನ್ ಕುಮಾರ್ ದೆಹಲಿಯ ತಂಡಕ್ಕೆ ಬಂದು ವರ್ಷ ತುಂಬುವುದರೊಳಗೆ ದೇಶದ ಮುಂದಾಳು ದಾಳಿಗಾರರಲ್ಲಿ ಒಬ್ಬನಾಗಿದ್ದನು. ದಾಳಿಗಾರರ ಬಾವಿಯಲ್ಲಿ ಎಷ್ಟು ಸೇದಿದರೂ ನೀರು ಮತ್ತೆ ಊರುತ್ತದೆ.

ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಊರ ಜಾತ್ರೆಯ ಪಂದ್ಯಗಳಲ್ಲಿ ಚಪ್ಪಾಳೆ ದೊರೆಯುವುದು ಮುಟ್ಟಿ ಬಂದವನಿಗೆ. ದಾಳಿಯನ್ನು ಒಬ್ಬನೇ ಅಭ್ಯಾಸ ಮಾಡಬಹುದು. ಗೆರೆ ಎಳೆದ ನೆಲ, ಹಗುರವಾದ ಕಾಲು, ಉಸಿರಿನ ಹಿಡಿತ, ಇಷ್ಟಿದ್ದರೆ ಆರಂಭವಾಯಿತು. ಆದುದರಿಂದ ಹತ್ತು ಹುಡುಗರನ್ನು ನಿಲ್ಲಿಸಿ ಕೇಳಿದರೆ ಎಂಟು ಮಂದಿ ದಾಳಿಗಾರರಾಗಬೇಕೆಂದೇ ಹೇಳಿಯಾರು. ನಮ್ಮ ನಾಡಿನಿಂದ ಹೋಗಿ ಹೆಸರು ಮಾಡಿದ ಪುತ್ತೂರಿನ ಪ್ರಶಾಂತ್ ಕುಮಾರ್ ರೈ, ಉಡುಪಿ ಜಿಲ್ಲೆಯ ಸುಕೇಶ್ ಹೆಗ್ಡೆ ಇಬ್ಬರೂ ದಾಳಿಗಾರರೇ. 2017ರಲ್ಲಿ ಒಂದೇ ಪಂದ್ಯದಲ್ಲಿ 28 ದಾಳಿಯ ಅಂಕ ಗಳಿಸಿ, ಮರುವರ್ಷ 1 ಕೋಟಿ 11 ಲಕ್ಷ ರೂಪಾಯಿಗಳಿಗೆ ಹರಾಜಾದ ಮುಂಬಯಿಯ ರಿಶಾಂಕ್ ದೇವಾಡಿಗನೂ ದಾಳಿಗಾರನೇ.

ಕಾರ್ನರ್: ಹೆಸರುಗಳು ಮರುಕಳಿಸುವ ಸ್ಥಾನ

ಇನ್ನು ಹಿಡಿತಗಾರರ ಪಟ್ಟಿಯನ್ನು ತೆರೆಯೋಣ. 2017ರಿಂದ 2024ರ ಮಾರ್ಚಿನವರೆಗೆ ನಡೆದ ಆರು ಸರಣಿಗಳಲ್ಲಿ ಅತಿ ಹೆಚ್ಚು ಟ್ಯಾಕಲ್ ಅಂಕ ಪಡೆದವರು ಕ್ರಮವಾಗಿ ಸುರೇಂದರ್ ನಾಡಾ, ನಿತೇಶ್ ಕುಮಾರ್, ಫಜಲ್ ಅತ್ರಾಚಲಿ, ಮೊಹಮ್ಮದ್‌ರೆಜಾ ಶಾದ್ಲೂಯಿ, ಅಂಕುಶ್ ರಾಠಿ, ಮತ್ತೆ ಶಾದ್ಲೂಯಿ. ಈ ಪಟ್ಟಿಯಿಂದ ಎರಡು ಸಂಗತಿಗಳು ಹೊರಬೀಳುತ್ತವೆ. ಎಲ್ಲರೂ ಕಾರ್ನರ್ ಆಟಗಾರರು. ಒಬ್ಬನಾದರೂ ಕವರ್ ಇಲ್ಲ. ಎರಡನೆಯದಾಗಿ, ಆರು ಸ್ಥಾನಗಳಲ್ಲಿ ಮೂರು ಇರಾನಿನಿಂದ ಬಂದ ಇಬ್ಬರ ಪಾಲಾಗಿವೆ.

2018-19ರ ಸರಣಿಯಲ್ಲಿ 100 ಟ್ಯಾಕಲ್ ಅಂಕಗಳನ್ನು ಮುಟ್ಟಿದ ಮೊದಲಿಗನು ಬಲ ಕಾರ್ನರಿನ ನಿತೇಶ್. ಎಡ ಕಾರ್ನರಿನ ಫಜಲನು ಅದೇ 2018ರ ಹರಾಜಿನಲ್ಲಿ ಒಂದು ಕೋಟಿ ರೂಪಾಯಿ ಬೆಲೆ ಪಡೆದನು. ಮುಂದೆ ಈ ಪಂದ್ಯಾವಳಿಯಲ್ಲಿ 500 ಟ್ಯಾಕಲ್ ಅಂಕಗಳನ್ನು ದಾಟಿದ ಮೊದಲಿಗನೂ ಆದನು. ಕಾರ್ನರಿನಲ್ಲಿ ನಮ್ಮ ದೇಶದ ಪ್ರತಿಭೆ ಇಲ್ಲವೆಂದು ಹೇಳುವಂತಿಲ್ಲ. ಹರಿಯಾಣದ ಹಳ್ಳಿಗಳು ವರ್ಷ ವರ್ಷವೂ ಕಾಲು ಹಿಡಿಯುವ ಗಟ್ಟಿಗರನ್ನು ಕಳುಹಿಸುತ್ತಿವೆ. ಆದರೆ ದಾಳಿಗಾರರಂತೆ ಪ್ರತಿ ವರ್ಷವೂ ಹೊಸ ಮುಖ ಮೊದಲ ಸ್ಥಾನಕ್ಕೆ ಏರುವುದಿಲ್ಲ. ಮೇಲಿನ ನಾಲ್ಕೈದು ಮಂದಿಯನ್ನು ತೆಗೆದರೆ ಕೆಳಗಿನವರಿಗೂ ಅವರಿಗೂ ನಡುವಣ ಅಂತರ ಕಣ್ಣಿಗೆ ಕಾಣುತ್ತದೆ. ಕಾರ್ನರನ್ನು ಮಧ್ಯಮ ಆಳದ ಬಾವಿಯೆನ್ನಬಹುದು.

ಈ ಅಂತರಕ್ಕೆ ದೇಶವು ಒಮ್ಮೆ ದೊಡ್ಡ ಬೆಲೆಯನ್ನೇ ತೆತ್ತಿತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಕ್ಕೆ ಹೋದ ಭಾರತ ತಂಡದಲ್ಲಿ ಅಜಯ್ ಠಾಕೂರ್, ಪರ್ದೀಪ್ ನರ್ವಾಲ್, ರಾಹುಲ್ ಚೌಧರಿ, ಮೋನು ಗೋಯತ್, ರಿಶಾಂಕ್ ದೇವಾಡಿಗ ಮೊದಲಾದ ದಾಳಿಗಾರರ ದಂಡೇ ಇದ್ದಿತು. ಹಿಡಿತದಲ್ಲಿ ಪಳಗಿದ ಇರಾನ್ ಉಪಾಂತ್ಯ ಪಂದ್ಯದಲ್ಲಿ ಭಾರತವನ್ನು 27-18ರಿಂದ ಸೋಲಿಸಿತು. 1990ರಿಂದ ಒಮ್ಮೆಯೂ ಕೈಬಿಡದಿದ್ದ ಚಿನ್ನ ಅಂದು ಕೈಬಿಟ್ಟಿತು. ಅಷ್ಟು ಮಂದಿ ದಾಳಿಗಾರರಿದ್ದೂ ಇಡೀ ತಂಡ ಗಳಿಸಿದ ಮೊತ್ತ 18 ಅಂಕ! 2023ರಲ್ಲಿ ಹಾಂಗ್‌ಝೌನಲ್ಲಿ ಅದೇ ಇರಾನನ್ನು 33-29ರಿಂದ ಸೋಲಿಸಿ ಚಿನ್ನವನ್ನು ಮರಳಿ ಪಡೆದೆವೆಂಬುದು ಸಮಾಧಾನದ ಮಾತು.

ಕವರ್: ಲೆಕ್ಕಕ್ಕೆ ಸಿಕ್ಕದ ದುಡಿಮೆ

ಕವರ್ ಆಟಗಾರನು ಪಟ್ಟಿಯ ತುದಿಯಲ್ಲಿ ಕಾಣಿಸದಿರುವುದಕ್ಕೆ ಅವನ ದೌರ್ಬಲ್ಯವೊಂದೇ ಕಾರಣವಲ್ಲ. ಲೆಕ್ಕ ಬರೆಯುವ ಕ್ರಮವೂ ಒಂದು ಕಾರಣ. ಹಿಡಿತ ಯಶಸ್ವಿಯಾದಾಗ ಅಂಕವನ್ನು ಮೊದಲು ಕೈ ಹಾಕಿದವನ ಹೆಸರಿಗೆ ಬರೆಯುತ್ತಾರೆ. ಕಾರ್ನರ್ ಕಾಲು ಹಿಡಿದನು. ದಾಳಿಗಾರನು ಎಳೆದುಕೊಂಡು ಮಧ್ಯದ ಗೆರೆಗೆ ಹಾರಲಿದ್ದನು. ಅಷ್ಟರಲ್ಲಿ ಕವರ್ ಅಡ್ಡ ಬಂದು ಎದೆ ಕೊಟ್ಟು ತಡೆದನು. ಅಂಕ ಕಾರ್ನರನಿಗೆ, ಕವರನಿಗೆ ಮೈ ನೋವು. ಅಡಿಗೆಮನೆಯ ಒಳಗೆ ಹಿಟ್ಟು ರುಬ್ಬಿದವನ ಹೆಸರನ್ನು ಯಾವ ಗಿರಾಕಿ ಕೇಳುವನು?

ಕವರಿನ ಕೆಲಸವನ್ನು ಒಬ್ಬನೇ ಕಲಿಯಲಾಗುವುದಿಲ್ಲ ಎಂಬುದು ಇನ್ನೊಂದು ತೊಡಕು. ಎಡ ಕವರ್, ಬಲ ಕವರ್ ಇಬ್ಬರೂ ಒಂದೇ ಉಸಿರಿನಲ್ಲಿ ಚಲಿಸಬೇಕು. ಒಬ್ಬನು ಅರ್ಧ ಹೆಜ್ಜೆ ಮುಂದಾದರೆ ಸರಪಳಿ ಕಳಚುತ್ತದೆ. ದಾಳಿಗಾರನು ಒಂದೇ ನೆಗೆತಕ್ಕೆ ಇಬ್ಬರನ್ನೋ ಮೂವರನ್ನೋ ಮುಟ್ಟಿ ಹೋಗುತ್ತಾನೆ. ಅಂಕಣದಲ್ಲಿ ಮೂವರು ಅಥವಾ ಅದಕ್ಕೂ ಕಡಿಮೆ ಮಂದಿ ಉಳಿದಾಗ ಹಿಡಿದರೆ ಎರಡು ಅಂಕ ಬರುವ ನಿಯಮವಿದೆ. ಅಂತಹ ಇಕ್ಕಟ್ಟಿನಲ್ಲಿ ಸಹನೆಯುಳ್ಳ ಒಬ್ಬ ಕವರ್ ತಂಡದ ಮಾನ ಕಾಯುತ್ತಾನೆ.

ಜೋಡಿ ಕೂಡಿದರೆ ಏನಾಗುತ್ತದೆಂಬುದಕ್ಕೆ ಗುಜರಾತಿನ ತಂಡವೇ ಸಾಕ್ಷಿ. 2017ರಲ್ಲಿ ಹೊಸದಾಗಿ ಸೇರಿದ ಆ ತಂಡವು ಮೊದಲ ಎರಡು ಸರಣಿಗಳಲ್ಲಿಯೂ ಅಂತಿಮ ಪಂದ್ಯಕ್ಕೆ ಬಂದಿತು. ದೊಡ್ಡ ಹೆಸರಿನ ದಾಳಿಗಾರನನ್ನು ನೆಚ್ಚಿ ಬಂದುದಲ್ಲ. ಪರ್ವೇಶ್ ಭೈನ್ಸ್‌ವಾಲ್ ಎಡ ಕವರಿನಲ್ಲಿಯೂ ಸುನಿಲ್ ಕುಮಾರ್ ಬಲ ಕವರಿನಲ್ಲಿಯೂ ನಿಂತು ಕಟ್ಟಿದ ಗೋಡೆ ಅದರ ಬೆನ್ನೆಲುಬಾಗಿದ್ದಿತು. ಮುಂದೆ 2022ರಲ್ಲಿ ಇದೇ ಸುನಿಲನ ನಾಯಕತ್ವದಲ್ಲಿ ಜೈಪುರವು ಕಪ್ ಗೆದ್ದಿತು. 2024ರ ಹರಾಜಿನಲ್ಲಿ ಯು ಮುಂಬಾ ಅವನಿಗೆ ಒಂದು ಕೋಟಿಗೂ ಮೇಲೆ ಬೆಲೆ ಕಟ್ಟಿತು. ಭಾರತದ ಹಿಡಿತಗಾರನೊಬ್ಬನಿಗೆ ಅದಕ್ಕೆ ಮೊದಲು ಅಷ್ಟು ಹಣ ಬಂದಿರಲಿಲ್ಲ. ಅಂಕದ ಪಟ್ಟಿ ಮರೆತ ಕವರನ್ನು ತರಬೇತುದಾರರು ಮರೆತಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಆದರೆ ಇಂತಹ ಜೋಡಿಗಳನ್ನು ಹೆಸರಿಸಹೊರಟರೆ ಒಂದು ಕೈಯ ಬೆರಳುಗಳು ಮುಗಿಯುವುದರೊಳಗೆ ನಿಲ್ಲಬೇಕಾಗುತ್ತದೆ. ನಾಲ್ಕು ಕೆಲಸಗಳಲ್ಲಿ ಅತ್ಯಂತ ಆಳ ಕಡಿಮೆಯಿರುವ ಸ್ಥಾನ ಇದೇ ಎಂಬುದು ನಮ್ಮ ಅಭಿಪ್ರಾಯ.

ಆಲ್‌ರೌಂಡರರ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಮೊದಲ ವರ್ಷಗಳ ಮಂಜೀತ್ ಛಿಲ್ಲರ್, ಬಳಿಕ ದೀಪಕ್ ಹೂಡಾ, ಇರಾನಿನ ನಬೀಬಖ್ಶ್, ಪುಣೆಯ ಅಸ್ಲಂ ಇನಾಮದಾರ್, ಹೀಗೆ ಹೆಸರುಗಳು ವಿರಳ. ಆದರೆ ಆಲ್‌ರೌಂಡರನಿಲ್ಲದೆಯೂ ತಂಡ ಕಟ್ಟಬಹುದು. ಕವರ್ ಇಲ್ಲದೆ ಕಟ್ಟಲಾಗದು.

ಒಬ್ಬನ ಬಲವೋ, ಏಳು ಮಂದಿಯ ಬಲವೋ?

ಒಬ್ಬನೇ ದಾಳಿಗಾರನು ಕಪ್ ತಂದುಕೊಡಲಾರನೇ ಎಂದು ವಾಚಕರು ಕೇಳಬಹುದು. ತಂದುಕೊಟ್ಟದ್ದುಂಟು. 2017ರಲ್ಲಿ ಪರ್ದೀಪ್ ನರ್ವಾಲ್ 369 ದಾಳಿಯ ಅಂಕ ಗಳಿಸಿ ಪಾಟ್ನಾಕ್ಕೆ ಸತತ ಮೂರನೆಯ ಕಪ್ ಗೆದ್ದುಕೊಟ್ಟನು. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬೆಂಗಳೂರು ಬುಲ್ಸ್ ಗಳಿಸಿದ 38 ಅಂಕಗಳಲ್ಲಿ ಪವನ್ ಒಬ್ಬನದೇ 22. ಕನ್ನಡಿಗರೆಲ್ಲರೂ ಅಂದು ಹಿಗ್ಗಿದರು.

ಆದರೆ ಮುಂದಿನ ಕತೆಯನ್ನೂ ಕೇಳಬೇಕು. 2019ರ ಸರಣಿಯಲ್ಲಿ ಪವನ್ 346 ಅಂಕ ಗಳಿಸಿದರೂ ಬುಲ್ಸ್ ಉಪಾಂತ್ಯದಲ್ಲಿ ಸೋತಿತು. ಅದೇ ವರ್ಷ ಪರ್ದೀಪ್ 302 ಅಂಕ ಗಳಿಸಿದರೂ ಪಾಟ್ನಾ ಎಂಟನೆಯ ಸ್ಥಾನಕ್ಕೆ ಇಳಿಯಿತು. 2021ರ ಹರಾಜಿನಲ್ಲಿ ಪರ್ದೀಪ್ 1 ಕೋಟಿ 65 ಲಕ್ಷಕ್ಕೆ ಉತ್ತರ ಪ್ರದೇಶದ ತಂಡಕ್ಕೆ ಹೋದನು. ಪಾಟ್ನಾದ ಕಾಲ ಮುಗಿಯಿತೆಂದು ಎಲ್ಲರೂ ಭಾವಿಸಿದರು. ಆದುದೇನು? ಪುತ್ತೂರಿನ ಪ್ರಶಾಂತ್ ರೈಯವರ ನಾಯಕತ್ವದಲ್ಲಿ ಸಚಿನ್, ಮೋನು ಗೋಯತ್, ಗುಮಾನ್ ಸಿಂಗ್ ಇವರು ದಾಳಿಯ ಭಾರವನ್ನು ಹಂಚಿಕೊಂಡರು. ಎಡ ಕಾರ್ನರಿನಲ್ಲಿ ಶಾದ್ಲೂಯಿ ನಿಂತನು. ಪಾಟ್ನಾ ಲೀಗ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿ, 2022ರ ಫೆಬ್ರವರಿ 25ರ ಅಂತಿಮ ಪಂದ್ಯದಲ್ಲಿ ದೆಹಲಿಗೆ ಕೇವಲ ಒಂದು ಅಂಕದಿಂದ, 36-37ರಿಂದ, ಸೋತಿತು.

ಇದಕ್ಕಿಂತಲೂ ಹೆಮ್ಮೆಯ ಪ್ರಸಂಗ 2019ರ ಅಕ್ಟೋಬರ್ 19ರದು. ಅಹಮದಾಬಾದಿನ ಅಂತಿಮ ಪಂದ್ಯಕ್ಕೆ ಬೆಂಗಾಲ್ ವಾರಿಯರ್ಸ್ ಇಳಿದಾಗ ಅದರ ಮುಖ್ಯ ದಾಳಿಗಾರ ಹಾಗೂ ನಾಯಕ ಮಣಿಂದರ್ ಸಿಂಗ್ ಗಾಯದಿಂದ ಹೊರಗೆ ಕುಳಿತಿದ್ದನು. ಎದುರಿಗೆ ದೆಹಲಿಯ ನವೀನ್. ಅವನು 18 ಅಂಕ ಗಳಿಸಿಯೂ ಗಳಿಸಿದನು. ಆದರೆ ಬೆಂಗಾಲಿನ ಕಡೆ ನಬೀಬಖ್ಶ್ 10, ನಮ್ಮ ಸುಕೇಶ್ ಹೆಗ್ಡೆ 8 ಅಂಕ ತಂದರು. ಉಳಿದವರು ಹಿಡಿದು ನಿಲ್ಲಿಸಿದರು. 39-34ರಿಂದ ಕಪ್ ಬೆಂಗಾಲಿನದಾಯಿತು. ಆ ತಂಡದ ತರಬೇತುದಾರರು ಕನ್ನಡಿಗರಾದ ಬಿ. ಸಿ. ರಮೇಶ್ ಅವರು.

ಇದೇ ರಮೇಶ್ ಅವರು ಮುಂದೆ ನಮ್ಮ ಪುಣೆಗೆ ಬಂದರು. 2023ರ ಹರಾಜಿನಲ್ಲಿ ಒಂದು ತಂಡಕ್ಕೆ ಖರ್ಚು ಮಾಡಲು ಇದ್ದ ಮಿತಿ 5 ಕೋಟಿ ರೂಪಾಯಿ. ತೆಲುಗು ಟೈಟನ್ಸ್ ಅದರ ಅರ್ಧಕ್ಕಿಂತ ಹೆಚ್ಚನ್ನು, 2 ಕೋಟಿ 60 ಲಕ್ಷ 50 ಸಾವಿರವನ್ನು, ಪವನ್ ಒಬ್ಬನಿಗೆ ಸುರಿಯಿತು. ಪವನನು ತನ್ನ ಕೆಲಸದಲ್ಲಿ ತಪ್ಪಲಿಲ್ಲ. 202 ದಾಳಿಯ ಅಂಕಗಳನ್ನು ತಂದನು. ತಂಡವು 22 ಪಂದ್ಯಗಳಲ್ಲಿ ಗೆದ್ದುದು ಎರಡೇ ಎರಡು. ಪುಣೆಯೂ ಕೈ ಬಿಗಿ ಹಿಡಿಯಲಿಲ್ಲವೆಂಬುದನ್ನು ಹೇಳಲೇಬೇಕು. ಶಾದ್ಲೂಯಿಗೆ ಅದು 2 ಕೋಟಿ 35 ಲಕ್ಷ ಕೊಟ್ಟಿತು. ವ್ಯತ್ಯಾಸವಿದ್ದುದು ಉಳಿದ ಆರು ಸ್ಥಾನಗಳಲ್ಲಿ. ದಾಳಿಗೆ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಆಕಾಶ್ ಶಿಂದೆ ಎಂಬ ನಾಲ್ವರು. ಕವರಿನಲ್ಲಿ ಸಂಕೇತ್ ಸಾವಂತ್, ಅಭಿನೇಶ್ ನಾದರಾಜನ್ ಜೋಡಿ. ಬಲ ಕಾರ್ನರಿನಲ್ಲಿ ಗೌರವ್ ಖತ್ರಿ. ಇವರೆಲ್ಲರೂ ಹಿಂದಿನ ವರ್ಷಗಳಿಂದಲೇ ತಂಡದಲ್ಲಿ ಬೆಳೆದ ತರುಣರು. ಕಟ್ಟಿ ಮುಗಿದ ಗೋಡೆಗೆ ಶಾದ್ಲೂಯಿ ಮೂಲೆಗಲ್ಲಾದನು. ಆ ಸರಣಿಯಲ್ಲಿ 99 ಟ್ಯಾಕಲ್ ಅಂಕ ಗಳಿಸಿದನು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣವನ್ನು 28-25ರಿಂದ ಸೋಲಿಸಿ ಪುಣೇರಿ ಪಲ್ಟನ್ ತನ್ನ ಮೊದಲ ಕಪ್ ಎತ್ತಿತು. ಸರಣಿಯ ಅತ್ಯಂತ ಮೌಲ್ಯಯುತ ಆಟಗಾರನೆಂಬ ಗೌರವ ನಾಯಕ ಅಸ್ಲಮನಿಗೆ ಸಂದಿತು.

ಆಳವೆಂಬುದು ಒಮ್ಮೆ ತೋಡಿದರೆ ಮುಗಿಯುವ ಕೆಲಸವೂ ಅಲ್ಲ. ಅದೇ ವರ್ಷದ ಹರಾಜಿನಲ್ಲಿ ಶಾದ್ಲೂಯಿ ಹರಿಯಾಣಕ್ಕೆ ಹೋದನು. ನಡುವೆ ಅಸ್ಲಂ ಗಾಯಗೊಂಡನು. ಪುಣೆ ಎಂಟನೆಯ ಸ್ಥಾನಕ್ಕೆ ಕುಸಿಯಿತು. ಡಿಸೆಂಬರ್ 29ರಂದು ನಮ್ಮ ಬಾಲೇವಾಡಿಯ ಅಂಗಣದಲ್ಲಿಯೇ ಹರಿಯಾಣವು ಪಾಟ್ನಾವನ್ನು 32-23ರಿಂದ ಸೋಲಿಸಿ ಕಪ್ ಒಯ್ದಿತು. 2025ರಲ್ಲಿ ಪುಣೆ ಮತ್ತೆ ಅಂತಿಮ ಪಂದ್ಯಕ್ಕೆ ಏರಿ, ಅಕ್ಟೋಬರ್ 31ರಂದು ದೆಹಲಿಗೆ 28-31ರಿಂದ ಸೋತಿತು.

ನಮ್ಮ ಹುಡುಗರಿಗೆ ಎರಡು ಮಾತು

ಈಗ ಸಣ್ಣದೊಂದು ಗಣಿತ. ತಂಡಗಳು ಹನ್ನೆರಡು. ಒಂದು ತಂಡದಲ್ಲಿ ಹೆಚ್ಚೆಂದರೆ 25 ಆಟಗಾರರು. ದೇಶ ವಿದೇಶಗಳಿಂದ ಬರುವ ಎಲ್ಲರಿಗೂ ಸೇರಿ 300 ಸ್ಥಾನಗಳು. ಅಂಕಣಕ್ಕೆ ಮೊದಲು ಇಳಿಯುವವರಲ್ಲಿ ತಂಡಕ್ಕೆ ಮೂವರಂತೆ 36 ದಾಳಿಗಾರರು, ಇಬ್ಬರಂತೆ 24 ಕಾರ್ನರ್, 24 ಕವರ್. ಹಳ್ಳಿ ಹಳ್ಳಿಯ ಎಂಟು ಮಂದಿ ಆ 36ರ ಸಾಲಿನಲ್ಲಿ ನೂಕಾಡುತ್ತಿರುವರು. 24 ಕವರ್ ಸ್ಥಾನಗಳ ಮುಂದೆ ಸಾಲು ಚಿಕ್ಕದು. 2023ರ ಹರಾಜಿನಲ್ಲಿ ಕೊನೆಯ ದರ್ಜೆಯ ಆಟಗಾರನಿಗೂ ಮೂಲಬೆಲೆ 9 ಲಕ್ಷ ರೂಪಾಯಿಗಳಿದ್ದುವು. ಸಪ್ಲೈಯರನೊಬ್ಬನ ಸಂಬಳವನ್ನು ಬಲ್ಲವರಿಗೆ ಆ ಮೊತ್ತದ ತೂಕವನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಕೈಯಲ್ಲಿರುವ ಕೆಲಸವನ್ನು ಬಿಟ್ಟು ಅಂಗಣಕ್ಕೆ ಧಾವಿಸಿರೆಂದು ನಾವು ಹೇಳುತ್ತಿಲ್ಲ. ಪಂದ್ಯಾವಳಿ ನಡೆಯುವುದು ವರ್ಷದಲ್ಲಿ ಕೆಲವೇ ತಿಂಗಳು. ಮೊಣಕಾಲು ಒಮ್ಮೆ ತಿರುಚಿದರೆ 9 ಲಕ್ಷದ ಲೆಕ್ಕ ಅಲ್ಲಿಗೆ ಮುಗಿಯಿತು. ಕೆಲಸವೂ ಇರಲಿ, ಅಭ್ಯಾಸವೂ ಇರಲಿ. ಮಧ್ಯಾಹ್ನ ಊಟದ ಗಿರಾಕಿ ಮುಗಿದು ಸಂಜೆಯ ಚಹಾದ ಗಿರಾಕಿ ಬರುವ ತನಕ ದೊರೆಯುವ ಬಿಡುವನ್ನು ನಿದ್ದೆಗೂ ಮೊಬೈಲಿಗೂ ಕೊಡದೆ ಅಂಗಣಕ್ಕೆ ಕೊಡಬಹುದು. ಹೋಟೆಲ್ ಮಾಲೀಕರೂ ಇದಕ್ಕೆ ಅಡ್ಡಿ ಬರಬಾರದು. ಗಲ್ಲೆಯ ಹಿಂದೆ ಹಲವು ವರ್ಷ ಕುಳಿತ ನಮಗೆ ಆಳುಗಳ ಕೊರತೆಯ ಅರಿವಿದೆ. ಆದರೂ ವಾರದಲ್ಲಿ ಮೂರು ದಿನ ಒಂದೂವರೆ ಗಂಟೆ ಬಿಟ್ಟುಕೊಟ್ಟುದರಿಂದ ಯಾವ ಹೋಟೆಲೂ ಮುಚ್ಚಲಿಲ್ಲ. ಕುಸ್ತಿಗೆ ಹೆಸರಾದ ಭೋಸರಿಯಲ್ಲಿ ಮೈ ಬಗ್ಗಿಸಿ ಅಭ್ಯಾಸ ಮಾಡುವವನಿಗೆ ಜಾಗವನ್ನೂ ಜೊತೆಯನ್ನೂ ಹುಡುಕುವುದು ಕಷ್ಟವಲ್ಲ.

ಅಂಗಣಕ್ಕೆ ಹೋದ ಮೇಲೆ ಒಂದು ಕೆಲಸ ಮಾಡಿರಿ. ಎಲ್ಲರೂ ದಾಳಿಗೆ ಕೈ ಎತ್ತುವಾಗ ನೀವು ತರಬೇತುದಾರರ ಬಳಿಗೆ ಹೋಗಿ ಕವರಿನಲ್ಲಿ ನಿಲ್ಲಿಸಿರೆಂದು ಕೇಳಿರಿ. ನಿಮ್ಮೊಡನೆ ದುಡಿಯುವ ನಂಬಿಕೆಯ ಗೆಳೆಯನೊಬ್ಬನಿದ್ದರೆ ಅವನನ್ನು ಇನ್ನೊಂದು ಕವರಿಗೆ ಕರೆದುಕೊಳ್ಳಿರಿ. ಒಬ್ಬನು ಕದಲಿದರೆ ಮತ್ತೊಬ್ಬನು ನೋಡದೆಯೇ ಕದಲುವಷ್ಟು ದಿನ ಜೊತೆಯಾಗಿ ಆಡಿರಿ. ಅದಕ್ಕೆ ಎರಡು ವರ್ಷ ಬೇಕಾದರೆ ಎರಡು ವರ್ಷ ಕೊಡಿರಿ.